ಹಾರ್ಟು ಅಂತ ಹೇಳ್ಬುಡಿ

ಕೊರೊನಾದ ಭಯವೆಲ್ಲ ಇಳಿದು, ದಸರಾ ದೀಪಗಳು ಮತ್ತೆ ಮೊದಲಿನ ಹಾಗೆ ಊರು ತುಂಬ ಹತ್ತಿಕೊಂಡ ವರ್ಷ ಅದು. ಮೈಸೂರಿನ ಬೇರೆಯವರಿಗೆ ಆ ವರ್ಷ ಹಾಗೆ ನೆನಪಿರಬಹುದು. ನನಗೆ ಮಾತ್ರ ಅದು ನಮ್ಮ ಅಂಗವಿಕಲರ ಸಂಘದ ಅಧ್ಯಕ್ಷರು ಸಿದ್ದರಾಜು ಅವರು ತೀರಿಕೊಂಡ ವರ್ಷ.

ನನ್ನ ಹೆಸರು ಜಯಶೀಲಾ. ಇನ್ನೂ ಸರಿಯಾಗಿ ನಡೆಯಲು ಕಲಿಯುವ ಮೊದಲೇ ಪೋಲಿಯೊ ಬಂದು ನನ್ನ ಬಲಗಾಲು ಸೋತಿತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಕಟ್ಟಿಕೊಂಡು, ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ನಡೆಯುತ್ತೇನೆ. ಡಿಗ್ರಿ ಮುಗಿಸಿ ಒಂದು ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದವಳನ್ನು ಸಿದ್ದರಾಜು ಅವರೇ ಸಂಘಕ್ಕೆ ಕರೆತಂದರು. ಕಾರ್ಯದರ್ಶಿ ಅಂತ ಒಂದು ಹೆಸರು ಕೊಟ್ಟರು. ಕಸ ಗುಡಿಸುವುದರಿಂದ ಹಿಡಿದು ಸರ್ಕಾರಿ ಕಚೇರಿಗೆ ಅಲೆಯುವವರೆಗೆ ಎಲ್ಲವೂ ಆ ಹೆಸರಿನಲ್ಲಿ ಸೇರಿತ್ತು.

ರಾಮಕೃಷ್ಣನಗರದ ಒಂದು ಬಾಡಿಗೆ ಮನೆಯ ಕೆಳಭಾಗದಲ್ಲಿ ನಮ್ಮ ಕಚೇರಿ ಇತ್ತು. ಬಾಗಿಲಿಗೆ ಮೆಟ್ಟಿಲಿನ ಬದಲು ಸಿಮೆಂಟಿನ ಇಳಿಜಾರು. ಅದನ್ನು ಹಾಕಿಸಲು ಮನೆ ಮಾಲೀಕರನ್ನು ಒಪ್ಪಿಸುವುದಕ್ಕೇ ನಮಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರನ್ನು ಹುಡುಕಿಕೊಂಡು ಹೋಗುವುದು ನಮ್ಮ ಮುಖ್ಯ ಕೆಲಸ. ತೆಂಗಿನ ಮರದಿಂದ ಬಿದ್ದವರು, ಕಟ್ಟಡದ ಸಾರುವೆಯಿಂದ ಬಿದ್ದವರು, ಬೈಕಿನಿಂದ ಬಿದ್ದವರು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮನೆಗೆ ಕಳಿಸುತ್ತಾರೆ. ಮನೆಯವರು ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಹೇಗೆ ಬದುಕಬೇಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಮೈಯಲ್ಲಿ ಅರಿವಿಲ್ಲದ ಕಡೆ ಚರ್ಮ ಒತ್ತಿ ಒತ್ತಿ ಹುಣ್ಣಾಗುತ್ತದೆ. ನೋವೇ ಗೊತ್ತಾಗದ ಕಾರಣ ಯಾರೂ ನೋಡುವುದಿಲ್ಲ. ಹುಣ್ಣು ಮೂಳೆಗೆ ಇಳಿಯುತ್ತದೆ, ರಕ್ತಕ್ಕೆ ನಂಜೇರುತ್ತದೆ, ಒಂದು ದಿನ ಮನುಷ್ಯ ಇಲ್ಲವಾಗುತ್ತಾನೆ.

ಸಿದ್ದರಾಜು ಅವರು ಇಲವಾಲದವರು. ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದವರು, ಮದುವೆಯಾದ ಹೊಸದರಲ್ಲೇ ಮೂರನೇ ಮಹಡಿಯಿಂದ ಬಿದ್ದರು. ತುಂಬ ಕಾಲ ಒಂದು ಕತ್ತಲೆ ಕೋಣೆಯಲ್ಲಿ ಮಲಗಿದ್ದು, ಆಮೇಲೆ ಗಾಲಿಕುರ್ಚಿ ಕಲಿತು, ತಮ್ಮ ಹಾಗೇ ಮಲಗಿದ್ದ ನಾಲ್ಕಾರು ಜನರನ್ನು ಎಬ್ಬಿಸಿ ಸಂಘ ಕಟ್ಟಿದರು. ಯಾರ ಮನೆಗೆ ಹೋದರೂ ಅವರು ಮೊದಲು ಹೇಳುತ್ತಿದ್ದದ್ದು ಒಂದೇ: "ಮಗನ್ನ ಬೋರಲು ಮಲಗ್ಸಿ ತಾಯಿ, ನಾನು ನೋಡ್ಬೇಕು." ಮಂಚದ ಮೇಲಿದ್ದವರು ನಾಚಿಕೊಂಡರೆ ಗದರುತ್ತಿದ್ದರು. "ಈ ಹುಣ್ಣು ಅನ್ನೋದು ಕಳ್ಳ ಇದ್ದಂಗೆ ಕಣಪ್ಪ. ಇಂದ್ಗಡೆಯಿಂದ ಬತ್ತದೆ, ಸದ್ದೇ ಮಾಡಲ್ಲ. ನಾಚ್ಕೊಂಡು ಮುಚ್ಚಿಟ್ಕೊಂಡ್ರೆ ಸತ್ತೋಯ್ತೀಯ, ನೋಡು." ಕುರ್ಚಿಯ ಮೇಲೆ ಕೂತಾಗ ಎರಡೂ ಕೈ ಊರಿ ಆಗಾಗ ಮೈ ಎತ್ತುವುದು ಹೇಗೆ ಎಂದು ತಾವೇ ಮಾಡಿ ತೋರಿಸುತ್ತಿದ್ದರು. ಅವರ ಆ ಗದರಿಕೆಯಿಂದ ಬದುಕಿ ಉಳಿದವರು ಇವತ್ತಿಗೂ ಮೈಸೂರಿನ ಬೀದಿಗಳಲ್ಲಿ ಆಟೋ ಓಡಿಸುತ್ತಿದ್ದಾರೆ, ಮೊಬೈಲ್ ರಿಪೇರಿ ಮಾಡುತ್ತಿದ್ದಾರೆ.

ನಮ್ಮ ಸಂಘದಲ್ಲಿ ಒಂದು ನಿಯಮವಿತ್ತು. ಸಮಿತಿಯಲ್ಲಿ ಅಂಗವಿಕಲರು ಮಾತ್ರ ಇರಬೇಕು. ಸಹಾಯ ಯಾರು ಬೇಕಾದರೂ ಮಾಡಬಹುದು, ಆದರೆ ತೀರ್ಮಾನ ನಮ್ಮದೇ. ಇದನ್ನು ಹೇಳುವುದು ಸುಲಭ. ನಡೆಸುವುದು ಎಷ್ಟು ಕಷ್ಟ ಎಂದು ನಡೆಸಿದವರಿಗೇ ಗೊತ್ತು. ಯಾವ ಕಚೇರಿಗೆ ಹೋದರೂ, "ನಿಮ್ಮ ಜೊತೆ ಯಾರಾದ್ರೂ ಬಂದಿದಾರಾ?" ಎಂದು ನಮ್ಮ ಹಿಂದೆ ನೋಡುತ್ತಾರೆ. ಹಿಂದೆ ಯಾರೂ ಇಲ್ಲದಿದ್ದರೆ, "ಆಮೇಲೆ ಬನ್ನಿ" ಎನ್ನುತ್ತಾರೆ. ಸಮಿತಿಯಲ್ಲಿ ಯಾರಿಗಾದರೂ ಜ್ವರ ಬಂದು ಸಭೆ ಮುಂದಕ್ಕೆ ಹೋದರೆ ಸಾಕು, "ಪಾಪ, ಅವರ ಕೈಲಿ ಎಲ್ಲಾಗತ್ತೆ" ಎಂಬ ಮಾತು ಹುಟ್ಟುತ್ತದೆ. ಅದಕ್ಕೇ ನಾವು ಜ್ವರವನ್ನು ಜ್ವರ ಎನ್ನುತ್ತಿರಲಿಲ್ಲ. ಏನೋ ಕೆಲಸವಿತ್ತು ಎನ್ನುತ್ತಿದ್ದೆವು.

ನಮ್ಮ ಖಜಾಂಚಿ ವೆಂಕಟನಾರಾಯಣ ಅವರು. ಯಾದವಗಿರಿಯವರು. ಅವರ ತಾತ ಅರಮನೆಯ ಕಚೇರಿಯಲ್ಲಿದ್ದವರಂತೆ. ವೆಂಕಟನಾರಾಯಣ ಅವರಿಗೆ ಕಾಲೇಜಿನಲ್ಲಿದ್ದಾಗಲೇ ಎರಡೂ ಕಣ್ಣು ಹೋದವು. ಆದರೂ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾಗಿದ್ದರು. ಅದೇ ಯಾದವಗಿರಿಯ ಇನ್ನೊಬ್ಬರು ಸತ್ಯಪ್ರಕಾಶ್, ನಿವೃತ್ತ ಎಂಜಿನಿಯರ್. ಅವರಿಗೆ ಯಾವ ಅಂಗವಿಕಲತೆಯೂ ಇರಲಿಲ್ಲ. ನಮ್ಮ ಹಿತೈಷಿ. ದೊಡ್ಡವರ ಪರಿಚಯವಿತ್ತು, ಒಂದು ಫೋನ್ ಮಾಡಿದರೆ ನಮ್ಮ ಕೆಲಸ ಆಗುತ್ತಿತ್ತು. ಅವರಿಗಿದ್ದ ಒಂದೇ ಅಸಮಾಧಾನ ಈ ನಿಯಮ. "ಓಡಾಡೋರು ಒಬ್ರಾದ್ರೂ ಕಮಿಟಿಲಿ ಇರಲಿ ಸಿದ್ದರಾಜು. ದುಡ್ಡು ಕೊಡೋರಿಗೆ ಒಂದು ಕಾನ್ಫಿಡೆನ್ಸ್ ಬರತ್ತೆ" ಎಂದು ಅವರು ಬಂದಾಗಲೆಲ್ಲ ಹೇಳುತ್ತಿದ್ದರು. ಸಿದ್ದರಾಜು ಅವರು ನಗುತ್ತಲೇ, "ಸಲಹೆ ಕೊಡಿ ಸಾರ್, ತಲೆ ಮೇಲೆ ಇಟ್ಕೋತೀವಿ. ಕುರ್ಚಿ ಮಾತ್ರ ನಮ್ಗೇ ಇರ್ಲಿ, ನಾವು ಎದ್ದು ನಿಂತ್ಕೊಳಕ್ಕಾಗಲ್ವಲ್ಲ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದೆವು.

ಆ ವರ್ಷ ಸತ್ಯಪ್ರಕಾಶ್ ಅವರ ಪ್ರಯತ್ನದಿಂದಲೇ ಒಂದು ದೊಡ್ಡ ಕಂಪನಿಯವರು ನಮ್ಮ ಬಗ್ಗೆ ಆಸಕ್ತಿ ತೋರಿಸಿದರು. ಹೊಸದಾಗಿ ಪೆಟ್ಟಾದವರು ಬಂದು ಕೆಲವು ವಾರ ಉಳಿದು, ಕೂರುವುದು, ಏಳುವುದು, ಮೈ ನೋಡಿಕೊಳ್ಳುವುದು ಎಲ್ಲ ಕಲಿತು ಹೋಗುವಂಥ ಒಂದು ಕೇಂದ್ರ ಕಟ್ಟಿಕೊಡುವ ಮಾತು. ಸಿದ್ದರಾಜು ಅವರು ಎಷ್ಟೋ ವರ್ಷದಿಂದ ಕಾಣುತ್ತಿದ್ದ ಕನಸು ಅದು. ಕಂಪನಿಯವರು ದಸರಾ ಮುಗಿದ ಮೇಲೆ ಬಂದು ನಮ್ಮ ಕೆಲಸ ನೋಡಿ ತೀರ್ಮಾನಿಸುತ್ತಾರೆ ಎಂದಾಯಿತು. ಅವತ್ತಿನಿಂದ ಸಿದ್ದರಾಜು ಅವರು ಬೆಳಿಗ್ಗೆ ಕಚೇರಿಗೆ ಬಂದರೆ ಸಂಜೆ ಕತ್ತಲಾಗುವವರೆಗೆ ಕುರ್ಚಿ ಬಿಟ್ಟು ಕದಲುತ್ತಿರಲಿಲ್ಲ. ಮಧ್ಯಾಹ್ನ ಒಳಗಿನ ಮಂಚದ ಮೇಲೆ ಸ್ವಲ್ಪ ಹೊತ್ತು ಮಗ್ಗುಲಾಗುವ ಅಭ್ಯಾಸವನ್ನೂ ಬಿಟ್ಟರು.

ಒಂದು ದಿನ ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ವೆಂಕಟನಾರಾಯಣ ಅವರು ನನ್ನನ್ನು ತಡೆದರು. "ಜಯಶೀಲಾ, ಒಂದು ಮಾತು. ತಪ್ಪು ತಿಳ್ಕೋಬೇಡಿ. ಅಧ್ಯಕ್ಷರ ಹತ್ರ ಕೂತ್ರೆ ವಾಸನೆ ಬರ್ತಿದೆ. ಅವರು ಸೆಂಟು ಹಾಕ್ಕೊಂಡು ಬರ್ತಿದಾರೆ, ಅದರ ಕೆಳಗಡೆಯಿಂದ ಬರ್ತಿದೆ."

ನನಗೂ ಆ ಸೆಂಟು ಗೊತ್ತಾಗಿತ್ತು. ದೊಡ್ಡವರು ಬರುತ್ತಾರೆಂದು ಈಗಿನಿಂದಲೇ ಶೋಕಿ ಶುರುವಾಗಿದೆ ಎಂದು ನಾವೆಲ್ಲ ತಮಾಷೆ ಮಾಡಿದ್ದೆವು. ಒಳಗೆ ಹೋಗಿ ನೇರವಾಗಿ ಕೇಳಿದೆ: "ಸಿದ್ದರಾಜಣ್ಣ, ಹುಣ್ಣಾಗಿದ್ಯಾ?"

ಅವರು ಕುರ್ಚಿಯನ್ನು ನನ್ನಿಂದ ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡರು. ಆಮೇಲೆ, "ಚೂರು ಆಗದೆ. ಮಂಜುಳಾ ಡ್ರೆಸ್ಸಿಂಗ್ ಮಾಡ್ತಾವ್ಳೆ, ಬುಡಿ" ಎಂದರು. ಮಂಜುಳಾ ಅವರ ಹೆಂಡತಿ.

"ಡಾಕ್ಟರಿಗೆ ತೋರಿಸಿದ್ರಾ?"

"ತೋರ್ಸ್ದೆ. ಆಪರೇಸನ್ ಮಾಡ್ಬೇಕು, ಆಮೇಲೆ ಎರಡು ತಿಂಗ್ಳು ಬೋರಲು ಮಲೀಕೊ ಅಂದ್ರು."

"ಮಲಗಿ ಮತ್ತೆ! ಯಾರು ಬೇಡ ಅಂದ್ರು?"

"ಎಂಗೆ ಮಲಗ್ಲಿ ಜಯಮ್ಮ? ಆ ಕಂಪ್ನಿಯೋರು ಬಂದಾಗ ನಾನು ಮಂಚದ ಮೇಲೆ ಬೋರಲು ಬಿದ್ದಿದ್ರೆ ಏನಂತಾರೆ ಗೊತ್ತಾ? ಅಧ್ಯಕ್ಷನ್ಗೇ ಎದ್ದು ಕುಂತ್ಕೊಳಕ್ಕಾಗಲ್ಲ, ಇವ್ರು ಸಂಸ್ಥೆ ನಡೆಸ್ತಾರಂತೆ ಅಂತಾರೆ. ಊರ್ಗೆಲ್ಲಾ ಹುಣ್ಣಾಗದಂಗೆ ನೋಡ್ಕೊಳ್ರಪ್ಪ ಅಂತ ಹೇಳೋನ್ಗೇ ಹುಣ್ಣು ಅಂದ್ರೆ ನಮ್ ಮಾತ್ಗೆ ಏನು ಬೆಲೆ? ಸತ್ಯಪ್ರಕಾಶ್ ಸಾರು ಅದ್ನೇ ಕಾಯ್ತಾವ್ರೆ. ಕೆಟ್ಟೋರಲ್ಲ ಅವ್ರು. ಆದ್ರೆ ಕಾಯ್ತಾವ್ರೆ."

ನಾನು ಬಿಡಲಿಲ್ಲ. ಅವರ ಜೊತೆಯಲ್ಲೇ ಮನೆಗೆ ಹೋದೆ. ಮಂಜುಳಾ ನನ್ನನ್ನು ನೋಡಿದ ಕೂಡಲೇ ಅತ್ತುಬಿಟ್ಟರು. ಯಾರಿಗೂ ಹೇಳಬಾರದೆಂದು ಗಂಡ ಮಕ್ಕಳ ತಲೆ ಮೇಲೆ ಕೈಯಿಡಿಸಿ ಆಣೆ ಮಾಡಿಸಿಕೊಂಡಿದ್ದರಂತೆ. ಸಿದ್ದರಾಜು ಅವರು ಗೋಡೆ ಕಡೆ ಮುಖ ಮಾಡಿ ಮಗ್ಗುಲಾದರು. ಮಂಜುಳಾ ಬಟ್ಟೆ ಸರಿಸಿ ತೋರಿಸಿದರು. ನಾನು ಎಷ್ಟೋ ಮನೆಗಳಲ್ಲಿ ಎಷ್ಟೋ ಹುಣ್ಣು ನೋಡಿದವಳು. ಇಷ್ಟು ಆಳದ್ದನ್ನು ನೋಡಿರಲಿಲ್ಲ. ಒಳಗೆ ಮೂಳೆ ಬೆಳ್ಳಗೆ ಕಾಣುತ್ತಿತ್ತು.

"ನಾಳೆನೇ ಆಸ್ಪತ್ರೆಗೆ ಸೇರಿ. ಕಂಪನಿಯವರಿಗೆ ನಾನು ಹೇಳ್ತೀನಿ" ಎಂದೆ.

"ಏನಂತ ಹೇಳ್ತೀರಿ?" ಗೋಡೆ ನೋಡಿಕೊಂಡೇ ಕೇಳಿದರು.

ಏನಾದರೂ ಒಂದು ಕಾರಣ ಹೇಳಿದರಾಯಿತು ಎಂದೆ. ಯಾವ ಕಾರಣ ಹೇಳಿದರೂ ಅದರ ಅರ್ಥ ಒಂದೇ ಆಗುತ್ತದೆಂದು ನನಗೂ ಗೊತ್ತಿತ್ತು. ಕೊನೆಗೆ ಮೂವರೂ ಜಗಳವಾಡಿ ಒಂದು ಒಪ್ಪಂದಕ್ಕೆ ಬಂದೆವು. ಇನ್ನು ಕಂಪನಿಯವರು ಬರುವ ದಿನ ಮಾತ್ರ ಕಚೇರಿಗೆ ಬರುವುದು, ಅವರು ಹೊರಟ ಕೂಡಲೇ ಅಲ್ಲಿಂದಲೇ ಆಸ್ಪತ್ರೆಗೆ ಹೋಗುವುದು. ಅಲ್ಲಿಯವರೆಗೆ ಮನೆಯಲ್ಲಿ ಮಲಗಿರುತ್ತೇನೆ ಎಂದು ಅವರು ಮಾತು ಕೊಟ್ಟರು. ಮಲಗಿದರು ಕೂಡ. ಆದರೆ ಅಷ್ಟರಲ್ಲೇ ಹೊತ್ತು ಮೀರಿತ್ತು.

ಕಂಪನಿಯವರು ಬಂದ ದಿನ ಒಳ್ಳೆಯ ಬಿಸಿಲಿತ್ತು. ಸಿದ್ದರಾಜು ಅವರು ಸ್ವೆಟರ್ ಹಾಕಿಕೊಂಡು ಬಂದರು. ಮುಖ ಕೆಂಪಗಿತ್ತು, ಹಣೆಯ ಮೇಲೆ ಬೆವರು. ಹತ್ತಿರ ಹೋಗಿ ಕೈ ಮುಟ್ಟಿದೆ, ಸುಡುತ್ತಿತ್ತು. "ಸುಮ್ನಿರಿ" ಎಂದು ಹಲ್ಲು ಕಚ್ಚಿಕೊಂಡೇ ಹೇಳಿದರು. ಬಂದವರಿಗೆ ನಮ್ಮ ಗಾಲಿಕುರ್ಚಿ ರಿಪೇರಿ ಕೋಣೆ ತೋರಿಸಿದರು. ಮಂಚದಿಂದ ಕುರ್ಚಿಗೆ ಜಾರುವುದು ಹೇಗೆಂದು ಹಲಗೆಯಿಟ್ಟು ತೋರಿಸಲು ಹೊರಟಾಗ ನಾನೇ ತಡೆದು ಬೇರೆಯವರ ಕೈಲಿ ಮಾಡಿಸಿದೆ. ಆಮೇಲೆ ಅರ್ಧ ಗಂಟೆ ಮಾತಾಡಿದರು. ನಡುವೆ ನೀರು ಕುಡಿಯುವಾಗ ಲೋಟ ಹಲ್ಲಿಗೆ ಬಡಿಯುವ ಸದ್ದು ನನಗೆ ಕೇಳುತ್ತಿತ್ತು. ಬಂದವರಲ್ಲಿ ಒಬ್ಬ ಹೆಂಗಸು ಸತ್ಯಪ್ರಕಾಶ್ ಅವರ ಕಡೆ ತಿರುಗಿ, "ಎಷ್ಟು ಎನರ್ಜಿ ಇದೆ ಅಲ್ವಾ ಇವರಿಗೆ! ನಮಗೆಲ್ಲ ಇನ್‌ಸ್ಪಿರೇಷನ್" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟದೆ ಇರುವುದು ಹೇಗೆ?

ಅವರ ಕಾರುಗಳು ರಸ್ತೆ ತಿರುವು ದಾಟುವವರೆಗೆ ಸಿದ್ದರಾಜು ಅವರು ಇಳಿಜಾರಿನ ತುದಿಯಲ್ಲಿ ಕೈ ಎತ್ತಿಕೊಂಡೇ ಇದ್ದರು. ಕೈ ಇಳಿಸಿದವರೇ ತಲೆಯನ್ನೂ ಎದೆಗೆ ಇಳಿಸಿಬಿಟ್ಟರು. ಕುರ್ಚಿ ಮುಂದಕ್ಕೆ ಉರುಳತೊಡಗಿತು. ಪಕ್ಕದಲ್ಲಿದ್ದ ವೆಂಕಟನಾರಾಯಣ ಅವರು ಸದ್ದಿನಲ್ಲೇ ಅಂದಾಜು ಮಾಡಿ ಹಿಂದಿನ ಹಿಡಿಯನ್ನು ಹಿಡಿದುಕೊಂಡರು. ಹಿಡಿದ ರಭಸಕ್ಕೆ ಅವರೂ ಮಂಡಿಯೂರಿ ಬಿದ್ದರು, ಆದರೆ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮಂಜುಳಾ ಅವರನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, ನಂಜು ರಕ್ತಕ್ಕೆ ಏರಿದೆ, ಕಿಡ್ನಿಗೂ ತಟ್ಟಿದೆ, ನಮ್ಮ ಕೈಲಾದದ್ದು ಮಾಡುತ್ತೇವೆ ಎಂದರು. ಅವರು ಹೇಳಿದ ರೀತಿಯಲ್ಲೇ ನನಗೆ ಗೊತ್ತಾಯಿತು. ನಡುವೆ ಒಂದೆರಡು ದಿನ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಂಡರು. ಅಂಥ ಒಂದು ಮಧ್ಯಾಹ್ನ, ಮಂಜುಳಾ ಊಟಕ್ಕೆಂದು ಹೊರಗೆ ಹೋಗಿದ್ದಾಗ, ನನ್ನನ್ನು ಹತ್ತಿರ ಕರೆದರು.

"ಜಯಮ್ಮ, ನಂಗೇನಾರ ಆದ್ರೆ ಹುಣ್ಣಿಂದ ಅಂತ ಎಲ್ಲೂ ಹೇಳ್ಬೇಡಿ. ಹಾರ್ಟು ಅಂತ ಹೇಳ್ಬುಡಿ."

"ನಿಮಗೇನೂ ಆಗಲ್ಲ, ಮೊದಲು ಹುಷಾರಾಗಿ" ಎಂದೆ.

"ಮಾತು ತೇಲುಸ್ಬೇಡಿ. ನಾಚ್ಕೆ ಆಯ್ತದೆ ಕಣಮ್ಮ ನಂಗೆ. ನಾಳೆ ನಮ್ ಹುಡುಗ್ರು ಯಾವ್ದಾರ ಮನೆಗೆ ಹೋಗಿ ಬೋರಲು ಮಲಗಪ್ಪ ಅಂದ್ರೆ, ನಿಮ್ ಅಧ್ಯಕ್ಷನೇ ಹಂಗೆ ಸತ್ನಲ್ಲ ಅಂತ ನಗ್ತಾರೆ. ಸಂಘ ಉಳೀಬೇಕು. ಹಾರ್ಟು ಅನ್ನಿ. ಎಲ್ಲಾರ್ಗೂ ಬತ್ತದೆ ಹಾರ್ಟು."

ನಾನು ಹೂಂ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ. ಅವರು ಅದನ್ನೇ ಒಪ್ಪಿಗೆ ಎಂದುಕೊಂಡರು. ಆ ವಾರ ಕಳೆಯುವ ಮೊದಲೇ ಹೋಗಿಬಿಟ್ಟರು.

ಮಂಜುಳಾ ಬಂದವರಿಗೆಲ್ಲ ಹಾರ್ಟ್ ಅಟ್ಯಾಕ್ ಎಂದೇ ಹೇಳಿದರು. ಆಕೆಗೂ ಅವರು ಅದನ್ನೇ ಹೇಳಿ ಹೋಗಿದ್ದರು. ಇಲವಾಲದಲ್ಲಿ ಮಣ್ಣು ಮಾಡಿದೆವು. ಕೆಸರಾಗಿದ್ದ ದಾರಿಯಲ್ಲಿ ನಮ್ಮ ಗಾಲಿಕುರ್ಚಿಗಳು ಹೋಗಲಿಲ್ಲ. ಅವರು ಎಬ್ಬಿಸಿ ಕೂರಿಸಿದವರೆಲ್ಲ ದೂರದಲ್ಲಿ ರಸ್ತೆ ಬದಿಯಲ್ಲೇ ಸಾಲಾಗಿ ಉಳಿದುಬಿಟ್ಟರು.

ಸ್ವಲ್ಪ ದಿನದ ನಂತರ ಸತ್ಯಪ್ರಕಾಶ್ ಅವರು ಯಾದವಗಿರಿಯ ಒಂದು ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಏರ್ಪಡಿಸಿದರು. ಖರ್ಚೆಲ್ಲ ಅವರದೇ. ವೇದಿಕೆಗೆ ಎತ್ತರದ ಮೆಟ್ಟಿಲುಗಳಿದ್ದವು. ಬದುಕಿದ್ದಾಗ ಸಿದ್ದರಾಜು ಅವರು ಏರಲಾಗದ ವೇದಿಕೆಯ ಮೇಲೆ ಅವರ ಫೋಟೊ ಹೂವಿನ ಹಾರ ಹಾಕಿಸಿಕೊಂಡು ಕೂತಿತ್ತು. ಅದರ ಪಕ್ಕದ ಕುರ್ಚಿಗಳಲ್ಲಿ ಸತ್ಯಪ್ರಕಾಶ್, ಕಂಪನಿಯ ಆ ಹೆಂಗಸು, ಇನ್ನೂ ಕೆಲವು ಗಣ್ಯರು. ನಮ್ಮವರೆಲ್ಲ ಕೆಳಗೆ, ಗಾಲಿಕುರ್ಚಿಗಳಲ್ಲಿ. ಮುಂದಿನ ಸಾಲಿನಲ್ಲಿ ಮಂಜುಳಾ ಮಕ್ಕಳ ಜೊತೆ.

ಸತ್ಯಪ್ರಕಾಶ್ ಅವರು ನಿಜವಾಗಿ ದುಃಖದಲ್ಲಿದ್ದರು. ಮಾತಾಡುತ್ತ ಕಣ್ಣೊರೆಸಿಕೊಂಡರು. "ಹಗಲಿರುಳೂ ದುಡಿದ ಆ ಹೃದಯ ಕೊನೆಗೆ ದಣಿದು ನಿಂತಿತು. ಸಂಸ್ಥೆಗಾಗಿ ಪ್ರಾಣವನ್ನೇ ಕೊಟ್ಟ ತ್ಯಾಗಿ" ಎಂದರು. ಆಮೇಲೆ, ಅವರ ಕನಸಿನ ಕೇಂದ್ರ ನಿಲ್ಲಬಾರದು, ಕಂಪನಿಯವರೂ ಮುಂದುವರಿಸಲು ಸಿದ್ಧರಿದ್ದಾರೆ, ಈ ಕಷ್ಟಕಾಲದಲ್ಲಿ ಸಂಘದ ಹೊಣೆಯನ್ನು ತಾವು ಹೊರಲು ತಯಾರಿರುವುದಾಗಿ ಹೇಳಿದರು. "ಇವರು ಇನ್ನು ಯಾವ ತಾಪತ್ರಯವನ್ನೂ ಹಚ್ಚಿಕೊಳ್ಳಬೇಕಾಗಿಲ್ಲ" ಎಂದು ನಮ್ಮ ಕಡೆ ಕೈ ತೋರಿಸಿದರು. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ನಮ್ಮವರೂ ಎಷ್ಟೋ ಜನ ತಟ್ಟಿದರು. ಅವರನ್ನು ನಾನು ತಪ್ಪು ಎನ್ನುವುದಿಲ್ಲ. ಎಲ್ಲರೂ ದಣಿದಿದ್ದೆವು.

ಕಾರ್ಯದರ್ಶಿ ಎರಡು ಮಾತಾಡಬೇಕು ಎಂದು ನನ್ನ ಹೆಸರು ಕರೆದರು. ನಾನು ಎದ್ದು ಊರುಗೋಲು ಊರಿ ಮೆಟ್ಟಿಲಿನವರೆಗೆ ಹೋದೆ. ಹತ್ತಬಹುದಿತ್ತು, ನಿಧಾನವಾಗಿ. ಯಾರೋ ಕೈಕೊಡಲು ಇಳಿದು ಬಂದರು. ಬೇಡ ಎಂದೆ. ಮೈಕನ್ನೇ ಕೆಳಗೆ ಕೊಡಿ ಎಂದು ಕೇಳಿ, ನಮ್ಮವರ ಕಡೆ ತಿರುಗಿ ನಿಂತೆ.

ನಾನು ಧನ್ಯವಾದ ಹೇಳಿ ಕೂರಬೇಕೆಂದೇ ಎದ್ದದ್ದು. ಆದರೆ ಎದುರಿಗೆ ಸಾಲಾಗಿ ಕೂತ ಅವರನ್ನೆಲ್ಲ ನೋಡಿದೆ. ಎರಡು ತಾಸಿನಿಂದ ಒಬ್ಬರೂ ಕೈಯೂರಿ ಮೈ ಎತ್ತಿರಲಿಲ್ಲ. ದೊಡ್ಡವರ ಎದುರು ಹಾಗೆ ಮಾಡಲು ಸಂಕೋಚ. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಸಿದ್ದರಾಜಣ್ಣ ಹಾರ್ಟಿಂದ ಸಾಯಲಿಲ್ಲ" ಎಂದೆ. "ಹುಣ್ಣಿಂದ ಸತ್ತರು."

ಮಂಜುಳಾ ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟವನ್ನು ತಪ್ಪಿಸಿಕೊಂಡು ನಾನು ಮಾತು ಮುಂದುವರಿಸಿದೆ. ಹುಣ್ಣು ಎಷ್ಟು ದಿನದಿಂದ ಇತ್ತು, ಯಾಕೆ ಮುಚ್ಚಿಟ್ಟರು, ಜ್ವರದಲ್ಲಿ ಹೇಗೆ ಕೂತು ಮಾತಾಡಿದರು, ಎಲ್ಲ ಹೇಳಿದೆ. "ಅವರು ತ್ಯಾಗ ಮಾಡಲಿಲ್ಲ. ಅವರಿಗೆ ಬದುಕಬೇಕಿತ್ತು. ಎರಡು ತಿಂಗಳು ಮಲಗಿದರೆ ಸಂಘ ನಮ್ಮ ಕೈತಪ್ಪಿ ಹೋಗತ್ತೆ ಅಂತ ಹೆದರಿದರು. ಕಾಯಿಲೆ ಬೀಳೋ ಹಕ್ಕು ಎಲ್ಲ ಅಧ್ಯಕ್ಷರಿಗೂ ಇದೆ, ನಮ್ಮ ಅಧ್ಯಕ್ಷರಿಗೆ ಮಾತ್ರ ಇರಲಿಲ್ಲ. ಈಗ ಅದೇ ಹೆದರಿಕೆಯಿಂದ ಸಂಘಾನ ಬೇರೆಯವರಿಗೆ ಕೊಟ್ಟರೆ ಅವರು ಸತ್ತಿದ್ದಕ್ಕೆ ಅರ್ಥವೇ ಇಲ್ಲ. ಸಮಿತಿಯಲ್ಲಿ ನಾವೇ ಇರ್ತೀವಿ. ಆಗದಿದ್ದ ದಿನ ಆಗಲ್ಲ ಅಂತ ಹೇಳ್ತೀವಿ." ಇಷ್ಟು ಹೇಳಿ ಮೈಕನ್ನು ವೇದಿಕೆಯ ಅಂಚಿನ ಮೇಲಿಟ್ಟೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸತ್ಯಪ್ರಕಾಶ್ ಅವರು ಕೆಳಗಿಳಿದು ಬಂದು ಮೆಲ್ಲಗೆ, "ಇದನ್ನ ಇವತ್ತು ಇಲ್ಲಿ ಹೇಳಬಾರದಿತ್ತಮ್ಮ. ಆ ಮನುಷ್ಯನ ಮರ್ಯಾದೆಯಾದ್ರೂ ಉಳಿಸಬೇಕಿತ್ತು" ಎಂದರು. ಸಿಟ್ಟಿನಿಂದಲ್ಲ, ನೋವಿನಿಂದ ಹೇಳಿದರು. ಮಂಜುಳಾ ಮಕ್ಕಳನ್ನು ಎಬ್ಬಿಸಿಕೊಂಡು ನನ್ನ ಪಕ್ಕದಲ್ಲೇ ಹೊರಗೆ ನಡೆದರು. ನಾನು ಕೈ ಹಿಡಿಯಲು ಹೋದೆ. ಕೊಸರಿಕೊಂಡರು.

ಸಭಾಂಗಣ ಖಾಲಿಯಾಗುತ್ತಿದ್ದಾಗ ಬಸವರಾಜು ಎಂಬ ನಮ್ಮ ಸದಸ್ಯರೊಬ್ಬರು ಗಾಲಿಕುರ್ಚಿ ತಳ್ಳಿಕೊಂಡು ನನ್ನ ಹತ್ತಿರ ಬಂದರು. ಸರಗೂರಿನ ಕಡೆಯವರು, ತುಂಬ ಮಿತಭಾಷಿ. ಆಚೀಚೆ ನೋಡಿ, ತಲೆ ತಗ್ಗಿಸಿಕೊಂಡು, "ಮೇಡಂ, ನಂಗೂ ಅದೆ" ಎಂದರು. "ಎಲ್ಲಿ?" ಎಂದೆ. ಎಡಗಡೆ ಎಂದು ಕೈ ತೋರಿಸಿದರು. ಮನೆಯವರಿಗೂ ಹೇಳಿರಲಿಲ್ಲವಂತೆ. ನಾನೂ ವೆಂಕಟನಾರಾಯಣ ಅವರೂ ಅವರನ್ನು ಅಲ್ಲಿಂದಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಸವರಾಜು ತಿಂಗಳುಗಟ್ಟಲೆ ಬೋರಲು ಮಲಗಿದರು, ಬಹಳ ಕಷ್ಟಪಟ್ಟರು, ಬದುಕಿದರು.

ಇದರಿಂದ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಕಂಪನಿಯವರು ನೋಡೋಣ ನೋಡೋಣ ಎನ್ನುತ್ತ ದೂರವಾದರು. ಸತ್ಯಪ್ರಕಾಶ್ ಅವರು ಬೇರೆಯೇ ಒಂದು ಟ್ರಸ್ಟ್ ಮಾಡಿಕೊಂಡರು, ಕೇಂದ್ರ ಅವರಿಗೆ ಸಿಕ್ಕಿತು. ಚೆನ್ನಾಗಿ ನಡೆಸುತ್ತಿದ್ದಾರೆ, ಸುಳ್ಳು ಹೇಳಬಾರದು. ನಮ್ಮವರಲ್ಲಿ ಅರ್ಧದಷ್ಟು ಜನ ಅಲ್ಲಿಗೆ ಕೆಲಸಕ್ಕೆ ಹೋದರು. ಅಲ್ಲಿನ ಸಮಿತಿಯಲ್ಲಿ ಗಾಲಿಕುರ್ಚಿಯವರು ಒಬ್ಬರೂ ಇಲ್ಲ, ಆದರೆ ಸಂಬಳ ಸರಿಯಾಗಿ ಬರುತ್ತದೆ. ನಾವು ರಾಮಕೃಷ್ಣನಗರದ ಮನೆ ಬಿಡಬೇಕಾಯಿತು. ನಾವು ಖಾಲಿ ಮಾಡಿದ ಮರುದಿನವೇ ಮಾಲೀಕರು ಆ ಇಳಿಜಾರನ್ನು ಒಡೆಸಿ ಮತ್ತೆ ಮೆಟ್ಟಿಲು ಕಟ್ಟಿಸಿದರಂತೆ. ಈಗ ವೆಂಕಟನಾರಾಯಣ ಅವರ ಮನೆಯ ಹಳೆಯ ಕಾರ್ ಶೆಡ್ಡಿನಲ್ಲಿ ನಮ್ಮ ಕಚೇರಿ. ಮಳೆ ಬಂದರೆ ಒಂದು ಮೂಲೆ ಸೋರುತ್ತದೆ.

ಈಗ ಅಧ್ಯಕ್ಷೆ ನಾನೇ. ಒಂದು ಬದಲಾವಣೆ ಮಾಡಿದ್ದೇವೆ. ಸಭೆ ಶುರುವಾಗುವ ಮೊದಲು ಪ್ರತಿಯೊಬ್ಬರೂ ತಮ್ಮ ಮೈಯ ಸ್ಥಿತಿ ಹೇಳಬೇಕು. ಹುಣ್ಣಿದೆಯಾ, ಜ್ವರವಿದೆಯಾ, ನಿದ್ದೆ ಕೆಟ್ಟಿದೆಯಾ. ಇದ್ದರೆ ಅವರು ಮನೆಗೆ, ಕೆಲಸ ಆಮೇಲೆ. ಕಳೆದ ವರ್ಷ ಊರುಗೋಲಿನ ಭಾರಕ್ಕೆ ನನ್ನ ಭುಜ ಕೆಟ್ಟು ಕೈ ಎತ್ತಲಾಗದೆ ಹೋಯಿತು. ಆಗ ಶೆಡ್ಡಿನ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದೆವು: "ಅಧ್ಯಕ್ಷರಿಗೆ ಹುಷಾರಿಲ್ಲ. ಕಚೇರಿ ಮುಚ್ಚಿದೆ." ಅದನ್ನು ನೋಡಿ ಯಾರೋ ಫೋನ್ ಮಾಡಿ, "ನಿಮ್ಮ ಸಂಘ ನಿಂತುಹೋಯ್ತಾ?" ಎಂದು ಕೇಳಿದರು. ಇಲ್ಲ, ಮಲಗಿದೀವಿ ಎಂದೆ. ಅವರು ತಮಾಷೆ ಎಂದುಕೊಂಡರು.

ಮಂಜುಳಾ ಬಹಳ ಕಾಲ ನನ್ನ ಜೊತೆ ಮಾತಾಡಲಿಲ್ಲ. ಒಮ್ಮೆ ಮಾರುಕಟ್ಟೆಯ ಹತ್ತಿರ ಎದುರಿಗೇ ಸಿಕ್ಕಿದರು. ಮುಖ ತಿರುಗಿಸಿಕೊಂಡು ಹೋಗುತ್ತಾರೆ ಎಂದುಕೊಂಡೆ. ನಿಂತರು. ಮಕ್ಕಳ ಓದಿನ ವಿಷಯ ಹೇಳಿದರು. ಹೊರಡುವಾಗ, "ನೀವು ಹೇಳಿದ್ದು ಸುಳ್ಳಲ್ಲ ಬುಡಿ. ಆದ್ರೆ ಅವ್ರು ನಿಮ್ಮನ್ನ ನಂಬಿ ಹೇಳಿದ್ರು. ನಂಗೂ ಬಾಯ್ಬುಟ್ಟು ಹೇಳ್ದೆ ಇದ್ದಷ್ಟು ನಿಮ್ಗೆ ಹೇಳಿದ್ರು" ಎಂದರು. ಅಷ್ಟು ಹೇಳಿ ಬಸ್ಸು ಬಂತೆಂದು ಓಡಿದರು.

ನಾನು ಇವತ್ತಿಗೂ ಮನೆಮನೆಗೆ ಹೋಗುತ್ತೇನೆ. ಹೊಸದಾಗಿ ಬಿದ್ದವರು, ಅವರ ತಾಯಂದಿರು, ಹೆಂಡಂದಿರು. ಬೋರಲು ಮಲಗಿಸಿ ಎಂದರೆ ಮಂಚದ ಮೇಲಿದ್ದವರು ಬೇಡ ಮೇಡಂ ಎಂದು ಚಾದರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಆಗ ನಾನು ಪಕ್ಕದಲ್ಲಿ ಕೂತು, "ನಮ್ಮಲ್ಲಿ ಸಿದ್ದರಾಜು ಅಂತ ಒಬ್ಬರಿದ್ದರು. ನಮಗೆಲ್ಲ ಇದನ್ನ ಕಲಿಸಿದವರು ಅವರೇ. ಅವರು ಹೇಗೆ ಸತ್ತರು ಅಂತ ಹೇಳ್ತೀನಿ ಕೇಳಿ" ಎಂದು ಶುರುಮಾಡುತ್ತೇನೆ. ಯಾರೂ ಈವರೆಗೆ ನಕ್ಕಿಲ್ಲ. ಮಾತು ಮುಗಿಯುವಷ್ಟರಲ್ಲಿ ಚಾದರ ಹಿಡಿದ ಕೈ ಸಡಿಲವಾಗುತ್ತದೆ.

ಅವರು ಬೇಡಿಕೊಂಡ ಆ ಒಂದು ಮಾತನ್ನು ನಾನು ಅವತ್ತು ಸಭೆಯಲ್ಲಿ ಒಂದು ಸಲ ಮುರಿದು ಸುಮ್ಮನಾಗಲಿಲ್ಲ. ಹೋದ ಹೋದ ಮನೆಯಲ್ಲೆಲ್ಲ ಮುರಿಯುತ್ತಿದ್ದೇನೆ. ಮುಂದೆಯೂ ಮುರಿಯುತ್ತೇನೆ. ಆದರೆ ಪ್ರತಿ ಸಲವೂ ಅವರ ಹೆಸರು ಹೇಳುವ ಮೊದಲು ಒಂದು ಗುಟುಕು ನೀರು ಕೇಳಿ ಕುಡಿಯಬೇಕಾಗುತ್ತದೆ.